ನೆಲ ಬಿಟ್ಟು ಉಳಿದ ಕಲ್ಲಿನ ಮನೆ

ವೇಲ್ಸ್‌ನ ರಾಜಧಾನಿ ಕಾರ್ಡಿಫ್ ಸಮೀಪದ ಸೇಂಟ್ ಫ್ಯಾಗನ್ಸ್ ಬಯಲು ವಸ್ತುಸಂಗ್ರಹಾಲಯದಲ್ಲಿ ಕೆಂಪು ಗೋಡೆಯ, ಹುಲ್ಲು ಹೊದಿಕೆಯ ಮನೆಯೊಂದು ಗಮನ ಸೆಳೆಯುತ್ತದೆ. ಅದುವೇ ‘ಕೆನಿಕ್ಸ್‌ಟನ್’ ರೈತಮನೆ.

ವೇಲ್ಸ್‌ನ ದಕ್ಷಿಣ ಕರಾವಳಿಯ ಗೋವರ್ ಪರ್ಯಾಯ ದ್ವೀಪದಲ್ಲಿ 1610ರಲ್ಲಿ ನಿರ್ಮಾಣಗೊಂಡ ಈ ಕಲ್ಲಿನ ಮನೆಯನ್ನು ಮುಂದಿನ ಒಂದೂವರೆ ಶತಮಾನದಲ್ಲಿ ವಿಸ್ತರಿಸಲಾಯಿತು. ಚಳಿಯಿಂದ ರಕ್ಷಣೆಗಾಗಿ ಅಗ್ಗಿಷ್ಟಿಕೆಯ ಪಕ್ಕದಲ್ಲೇ ಕಪಾಟಿನಂತಹ ಮರದ ಹಾಸಿಗೆಯನ್ನು ಅಳವಡಿಸಲಾಗಿದೆ. ಗೋಡೆಯ ಕೆಂಪು ಬಣ್ಣ ಕೇವಲ ಅಲಂಕಾರವಲ್ಲ. ಅದು ದುಷ್ಟಶಕ್ತಿಗಳನ್ನು ದೂರವಿಡುತ್ತದೆಂಬುದು ಅಂದಿನವರ ನಂಬಿಕೆಯಾಗಿತ್ತು. ಕೆಂಪು ಹಣ್ಣು ಬಿಡುವ ರೋವನ್ ಮರವನ್ನು ಮನೆಯ ಬಳಿ ನೆಡುತ್ತಿದ್ದುದೂ ಅದೇ ಕಾರಣಕ್ಕೆ.

1950ರ ದಶಕದ ಆರಂಭದಲ್ಲಿ ಇಡೀ ಮನೆಯನ್ನು ಬಿಚ್ಚಿ, ಕಲ್ಲುಗಳನ್ನು ಸಾಗಿಸಿ, ಇಲ್ಲಿ ಮತ್ತೆ ಕಟ್ಟಲಾಯಿತು. 1955ರಲ್ಲಿ ಅದು ಸಾರ್ವಜನಿಕರಿಗೆ ತೆರೆದುಕೊಂಡಿತು. ಮನೆಯೇನೋ ಉಳಿಯಿತು, ಆದರೆ ಹುಟ್ಟಿದ ನೆಲವನ್ನು ತೊರೆದು ಉಳಿಯಿತೆಂಬುದೇ ವಿಪರ್ಯಾಸ.