ಸಣ್ಣ ತಂಡದ ಆಟ: ಬಲವೆಲ್ಲಿ, ಕೊರತೆಯೆಲ್ಲಿ?

ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ತಯಾರಿಸುವ ವಿಡಿಯೋ ಆಟಗಳಿಗೆ ‘ಇಂಡೀ’ ಎನ್ನುತ್ತಾರೆ. 2023ರಲ್ಲಿ ಕೆನಡಾದ ಟೊರಾಂಟೊದಿಂದ ಬಂದ ‘ವೆಣ್ಬಾ’ ಅಂಥದೊಂದು. ಕೆನಡಾದಲ್ಲಿ ನೆಲೆಸಿದ ತಮಿಳು ಕುಟುಂಬವೊಂದರ ಕಥೆ.

ಪಾಕಪುಸ್ತಕ ಹರಿದಿದೆ, ಅಕ್ಷರ ಮಾಸಿವೆ. ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಮೇಲಿನ ಇಡ್ಲಿಗೂ ತಲುಪೀತು? ನೀವೇ ಊಹಿಸಬೇಕು. ಬಾಳೆಲೆಯ ಮನೆಗಳಲ್ಲಿ ಕಡಂಬುಟ್ಟು ಬೇಯುವುದನ್ನು ಕಂಡವರಿಗೆ ಇದೇನು ಕಷ್ಟ!

ಮಗ ಕವಿನ್ ಬೆಳೆಯುತ್ತ ತಾಯ್ನುಡಿಯಿಂದ ದೂರವಾಗುತ್ತಾನೆ. (ಕೊಡವ ತಕ್ಕ್ ಮರೆತ ಮಕ್ಕಳು ನಮ್ಮಲ್ಲೂ ಇದ್ದಾರಲ್ಲ!) ಕೊನೆಗೆ ಅದೇ ಪುಸ್ತಕ ಅವನ ಕೈಗೆ, ಅಂದರೆ ನಿಮ್ಮ ಕೈಗೆ ಬರುತ್ತದೆ. ಮಾತಿನಲ್ಲಿ ಹೇಳುವುದನ್ನು ಕೈಯಿಂದ ಮಾಡಿಸುವುದೇ ಈ ಆಟದ ಬಲ.

ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ನನಗೆ ಅದು ದೋಷವೆನಿಸಲಿಲ್ಲ. ಆದರೆ ಅಡುಗೆ ಕೆಟ್ಟರೂ ಏನೂ ನಷ್ಟವಿಲ್ಲ, ಮತ್ತೆ ಮಾಡಬಹುದು. ಗುಟ್ಟು ತಿಳಿದ ಮೇಲೆ ಎರಡನೆಯ ಸಲ ಒಗಟು ಸಪ್ಪೆ.