ಆಟವು ಬೇಡುವ ಯಂತ್ರ

ದೂರವು ಇಮ್ಮಡಿಯಾದರೆ ಕಂಬದ ಎತ್ತರ ಕಣ್ಣಿಗೆ ಅರ್ಧವಾಗಿ ತೋರುತ್ತದೆ. ಆದುದರಿಂದ ಇಂತಹ ನೋಟವನ್ನು ಚಿತ್ರಿಸುವ ಗಣಕಯಂತ್ರವು ಅಳತೆಗಳನ್ನು ದೂರದಿಂದ ಭಾಗಿಸಲೇಬೇಕು. ಭಾಗಾಕಾರವಾದರೋ ಯಂತ್ರಕ್ಕೂ ನಿಧಾನದ ಕೆಲಸ.

ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು 1993ರಲ್ಲಿ ಹೊರತಂದ ಗುಂಡಿನ ಕಾಳಗದ ಆಟ ‘ಡೂಮ್’. ಅದರ ಗೋಡೆಗಳು ನೆಟ್ಟಗೆ, ನೆಲ ಸಮತಟ್ಟು. ಒಂದು ಸಾಲಿನ ಚುಕ್ಕೆಗಳೆಲ್ಲ ಒಂದೇ ದೂರದಲ್ಲಿರುತ್ತಿದ್ದುದರಿಂದ ಸಾಲಿಗೊಂದು ಭಾಗಾಕಾರ ಸಾಕಾಗಿತ್ತು. 1996ರ ‘ಕ್ವೇಕ್’ ಆಟದಲ್ಲಿ ಇಳಿಜಾರುಗಳು ಬಂದವು. ದೂರವು ಚುಕ್ಕೆಯಿಂದ ಚುಕ್ಕೆಗೆ ಬದಲಾಯಿತು. 16 ಚುಕ್ಕೆಗಳಿಗೊಮ್ಮೆ ಭಾಗಿಸಿ, ನಡುವಣವನ್ನು ಅಂದಾಜಿನಿಂದ ತುಂಬುವುದೇ ಅದರ ಉಪಾಯ. ಪೆಂಟಿಯಂ ಪ್ರೊಸೆಸರಿನಲ್ಲಿ ದಶಮಾಂಶಗಳ ಲೆಕ್ಕಕ್ಕೆಂದೇ ಇರುವ ಚುರುಕಾದ ವಿಭಾಗವು, ಆ 16 ಚುಕ್ಕೆಗಳು ಮೂಡುತ್ತಿರುವಾಗಲೇ ಮುಂದಿನ ಭಾಗಾಕಾರವನ್ನು ಮಾಡುತ್ತಿತ್ತು. 486ರಲ್ಲಿ ಈ ವಿಭಾಗ ನಿಧಾನ. 486 ಎಸ್‌ಎಕ್ಸ್‌ನಲ್ಲಿ ಇರಲೇ ಇಲ್ಲ. ಹೀಗಾಗಿ 100 ಮೆಗಾಹರ್ಟ್ಸ್‌ನ 486, 75 ಮೆಗಾಹರ್ಟ್ಸ್‌ನ ಪೆಂಟಿಯಂಗೆ ಸೋತಿತು. ವೇಗದ ಅಂಕಿಯನ್ನೇ ನಂಬಿ ಹಣ ತೆತ್ತವನು ಮೋಸಹೋದಂತೆಯೇ ಸರಿ.

2025ರ ‘ಡೂಮ್: ದಿ ಡಾರ್ಕ್ ಏಜಸ್’ ಆಟವು ಬೆಳಕಿನ ಕಿರಣಗಳ ಜಾಡನ್ನು ಗಣಿಸುವ ವಿಶೇಷ ವಿಭಾಗವುಳ್ಳ ಗ್ರಾಫಿಕ್ಸ್ ಕಾರ್ಡನ್ನೇ ಕೇಳಿತು. ಮುಂಬರುವ ಆಟಕ್ಕಾಗಿ ಯಂತ್ರ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ವೇಗ?’ ಎಂಬುದಲ್ಲ, ‘ಯಾವ ಬಗೆಯ ಲೆಕ್ಕ?’ ಎಂಬುದು.