ಮಿದುಳಿನ ಅರಿವು

ಮನುಷ್ಯನ ಮಿದುಳಿನ ತೂಕ ಒಂದೂಕಾಲು ಕಿಲೋಗ್ರಾಮಿಗಿಂತ ತುಸು ಹೆಚ್ಚು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಈ ಅಂಗವು ದೇಹ ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಪಾಲನ್ನು ತಾನೊಂದೇ ಬಳಸಿಕೊಳ್ಳುತ್ತದೆ. ಇದರೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಸೂಕ್ಷ್ಮವಾದ ವಿದ್ಯುತ್ ಮತ್ತು ರಾಸಾಯನಿಕ ಸಂಕೇತಗಳಿಂದ ಒಂದರೊಡನೊಂದು ವ್ಯವಹರಿಸುತ್ತವೆ.

ಈ ಅರಿವನ್ನು ಜನಸಾಮಾನ್ಯರಿಗೆ ಮುಟ್ಟಿಸುವ ಕಾರ್ಯ ಇಂದು ಅನೇಕ ದೇಶಗಳಲ್ಲಿ ನಡೆಯುತ್ತಿದೆ. ವಿಶ್ವವಿದ್ಯಾಲಯಗಳಲ್ಲಿ ನರವಿಜ್ಞಾನವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಸಂಘಗಳನ್ನು ಕಟ್ಟಿಕೊಂಡು, ಮಿದುಳಿನ ಮಾದರಿಗಳೊಡನೆ ಶಾಲೆಗಳಿಗೆ ಹೋಗಿ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ಮಿದುಳು ಅರಿವಿನ ಸಪ್ತಾಹ ಪ್ರತಿವರ್ಷ ಮಾರ್ಚ್ ತಿಂಗಳಿನಲ್ಲಿ ಜರುಗುತ್ತದೆ. ಆದರೆ ಅದಕ್ಕೂ ಒಂದು ದಶಕ ಮೊದಲೇ ಈ ವಿಜ್ಞಾನವು ಚಿಗಟೇರಿಯ ಸೀಮೆಗೆ, ಮಾದರಿಗಳ ಮೂಲಕವಲ್ಲ, ಔಷಧಿಯ ಮೂಲಕ ಬಂದಿತ್ತು.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಅಂದರೆ ನಿಮ್ಹಾನ್ಸ್, 1974ರಲ್ಲಿ ಸ್ಥಾಪಿತವಾಯಿತು. ರೋಗಿಗಳೆಲ್ಲರೂ ಬೆಂಗಳೂರಿಗೆ ಬರಲಾರರೆಂಬುದನ್ನು ಅಲ್ಲಿನ ವೈದ್ಯರು ಬೇಗನೆ ಕಂಡುಕೊಂಡರು. 1985ರಲ್ಲಿ ಅವರು ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಆಗ ಅದರ ಜನಸಂಖ್ಯೆ ಸುಮಾರು 15 ಲಕ್ಷ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳಂತೆ ಹರಪನಹಳ್ಳಿ ತಾಲ್ಲೂಕೂ ಆಗ ಆ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆಗೆ ಸೇರಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೊಸ ಆಸ್ಪತ್ರೆಗಳನ್ನು ಕಟ್ಟುವ ಗೊಡವೆಗೆ ಅವರು ಹೋಗಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಕಾಲದ ತರಬೇತಿಯಿತ್ತು, ಕೆಲವೇ ಅಗತ್ಯ ಔಷಧಿಗಳನ್ನು ಒದಗಿಸಿದರು. ಬಳ್ಳಾರಿ ಮಾದರಿಯೆಂದು ಹೆಸರಾದ ಈ ಯೋಜನೆಯನ್ನೇ 1996ರಲ್ಲಿ ಕೇಂದ್ರ ಸರ್ಕಾರ ಬೇರೆ ರಾಜ್ಯಗಳ ಜಿಲ್ಲೆಗಳಿಗೆ ವಿಸ್ತರಿಸತೊಡಗಿತು. ಹಿಂದುಳಿದದ್ದೆಂದು ಕರೆಸಿಕೊಂಡ ಸೀಮೆಯೊಂದು ದೇಶಕ್ಕೆ ದಾರಿ ತೋರಿಸಿದ್ದು ಸಣ್ಣ ಸಂಗತಿಯಲ್ಲ.

ಮನೋರೋಗಗಳೊಡನೆ ಈ ಯೋಜನೆಯು ಕೈಗೆತ್ತಿಕೊಂಡ ಇನ್ನೊಂದು ವ್ಯಾಧಿ ಅಪಸ್ಮಾರ. ಇದನ್ನು ಮೂರ್ಛೆರೋಗ, ಫಿಟ್ಸ್ ಎಂದೂ ಕರೆಯುತ್ತಾರೆ. ನರಕೋಶಗಳ ಗುಂಪೊಂದು ಹಠಾತ್ತನೆ ಲಯ ತಪ್ಪಿ ಒಟ್ಟಿಗೇ ವಿದ್ಯುತ್ತನ್ನು ಹೊಮ್ಮಿಸಿದಾಗ ದೇಹ ಸೆಟೆದುಕೊಳ್ಳುತ್ತದೆ, ಕೈಕಾಲುಗಳು ಅದುರುತ್ತವೆ, ಎಚ್ಚರ ತಪ್ಪುತ್ತದೆ. ಇದು ದೆವ್ವದ ಕಾಟವೂ ಅಲ್ಲ, ಪೂರ್ವಜನ್ಮದ ಪಾಪವೂ ಅಲ್ಲ. ಮುಟ್ಟಿದರೆ ಅಂಟುವಂಥದೂ ಅಲ್ಲ. ಆದರೂ ಇದರ ದೆಸೆಯಿಂದ ಶಾಲೆ ಬಿಟ್ಟ ಮಕ್ಕಳುಂಟು, ಮದುವೆ ಮುರಿದ ಹೆಣ್ಣುಮಕ್ಕಳುಂಟು. ಹಿಂದೂ ವಿವಾಹ ಕಾಯಿದೆಯಲ್ಲಿಯೇ ಈ ರೋಗವು ವಿವಾಹಕ್ಕೆ ಅಡ್ಡಿಯಾಗಿ ನಮೂದಾಗಿತ್ತು. ಆ ಮಾತು ಕಾಯಿದೆಯಿಂದ ತೆಗೆದುಹಾಕಲ್ಪಟ್ಟದ್ದು 1999ರಲ್ಲಿ.

ಮೂರ್ಛೆ ಬಂದವರ ಕೈಗೆ ಬೀಗದ ಕೈಗೊಂಚಲು ಕೊಡುವುದು, ಮೂಗಿಗೆ ಈರುಳ್ಳಿಯನ್ನೋ ಚಪ್ಪಲಿಯನ್ನೋ ಹಿಡಿಯುವುದು ಇಂದಿಗೂ ಕಾಣಬರುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ಮೂರ್ಛೆಯು ತಾನಾಗಿಯೇ ನಿಲ್ಲುವುದರಿಂದ ಕಬ್ಬಿಣವೇ ನಿಲ್ಲಿಸಿತೆಂಬ ಭ್ರಮೆ ಹುಟ್ಟುತ್ತದೆ. ಮಾಡಬೇಕಾದುದು ಬೇರೆ. ಹತ್ತಿರದ ಕಲ್ಲು, ಬೆಂಕಿ, ಹರಿತವಾದ ವಸ್ತುಗಳನ್ನು ದೂರ ಸರಿಸಬೇಕು. ತಲೆಯ ಕೆಳಗೆ ಮಡಿಸಿದ ಬಟ್ಟೆಯನ್ನಿಡಬೇಕು. ಕೊರಳಿನ ಗುಂಡಿಯನ್ನು ಸಡಿಲಿಸಿ, ಜೊಲ್ಲು ಹೊರಗೆ ಹರಿಯುವಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಅದುರುವ ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಲೇಬಾರದು. ಮೂರ್ಛೆಯು ಐದು ನಿಮಿಷಕ್ಕೂ ಮಿಗಿಲಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕ್ರಮವಾಗಿ ಮಾತ್ರೆ ಸೇವಿಸಿದವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಗೆ ಮೂರ್ಛೆಯು ಹತೋಟಿಗೆ ಬರಬಲ್ಲದು. ಕೆಲವು ತಿಂಗಳು ಮೂರ್ಛೆ ಬರಲಿಲ್ಲವೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡುವುದೇ ದೊಡ್ಡ ಅಪಾಯ.

ನಿಮ್ಹಾನ್ಸ್ ಆವರಣದಲ್ಲಿ ಮಿದುಳುಗಳ ವಸ್ತುಸಂಗ್ರಹಾಲಯವೊಂದಿದೆ. ಡಾ. ಎಸ್. ಕೆ. ಶಂಕರ್ ಅವರು ಬಹು ವರ್ಷಗಳ ಶ್ರಮದಿಂದ ಬೆಳೆಸಿದ ಈ ಸಂಗ್ರಹಕ್ಕೆ ಶಾಲಾಮಕ್ಕಳೂ ಬರುತ್ತಾರೆ. ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಲು ಅಲ್ಲಿ ಅವಕಾಶವುಂಟು. ರೋಗಗಳಿಂದ ಕೆಟ್ಟ ಮಿದುಳುಗಳನ್ನೂ ಅಲ್ಲಿ ಕಾಣಬಹುದು. ಅಪಸ್ಮಾರಕ್ಕೆ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಕಾರಣಗಳಲ್ಲೊಂದು ಹಂದಿಯ ಲಾಡಿಹುಳು. ಅದರ ಮರಿಗಳು ಮಿದುಳಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಾಗಿ ನೆಲೆಸುತ್ತವೆ. ಮಾಂಸ ತಿನ್ನದವರಿಗೂ ಇದು ತಗಲುವುದುಂಟು. ಏಕೆಂದರೆ ಹುಳುವಿನ ಮೊಟ್ಟೆಗಳು ಮನುಷ್ಯನ ಮಲದಿಂದ ಹೊಲದ ಮಣ್ಣಿಗೂ, ಅಲ್ಲಿಂದ ತೊಳೆಯದ ಸೊಪ್ಪು, ಮೂಲಂಗಿ, ಕೊತ್ತಂಬರಿಗಳ ಮೂಲಕ ಊಟದ ತಟ್ಟೆಗೂ ಬರುತ್ತವೆ.